ಲೆಕ್ಕಕ್ಕಿಲ್ಲ

ವಾಷಿಂಗ್ಟನ್ನಿನ ಒಂದು ಕುರ್ಚಿಗಾಗಿ
ನ್ಯೂ ಹ್ಯಾಂಪ್‌ಶೈರ್ ಎಂಬ ನಮ್ಮ ಸಣ್ಣ ರಾಜ್ಯ
ಬೇಸಿಗೆಯಿಂದ ಬಾಯಿ ಬಡಿದುಕೊಳ್ಳುತ್ತಿದೆ.
ಟಿವಿಯಲ್ಲಿ, ರೇಡಿಯೋದಲ್ಲಿ, ಪೆಟ್ರೋಲ್ ಪಂಪಿನ ಪುಟ್ಟ ಪರದೆಯಲ್ಲೂ
ಆತ ಆಕೆಯನ್ನು ಕಳ್ಳಿ ಅನ್ನುತ್ತಾನೆ,
ಆಕೆ ಆತನನ್ನು ಸುಳ್ಳ ಅನ್ನುತ್ತಾಳೆ.
ಇಬ್ಬರ ಮುಖವೂ ದಿನಾ ಟಪಾಲಿಗೆ ಬರುತ್ತವೆ.
ಮಿರಿಮಿರಿ ಮಿಂಚುವ ದಪ್ಪ ಕಾಗದ,
ಒಲೆಗೆ ಹಾಕಿದರೂ ಸರಿಯಾಗಿ ಉರಿಯುವುದಿಲ್ಲ.

ಬೀಮನ್ಸ್ ನಾಚ್. ಮತದಾರರು ನೂರ ಹದಿನೆಂಟು.
ಊರಿನ ಕ್ಲರ್ಕು ನಾನು, ಇಪ್ಪತ್ತೆರಡು ವರ್ಷದಿಂದ.
ನನ್ನ ಆಯುಧ ಒಂದು ಮರದ ಅಡಿಪಟ್ಟಿ, ಒಂದು ಕೆಂಪು ಪೆನ್ಸಿಲ್.
ಹೆಸರು ಕೇಳಿ ಗೆರೆ ಎಳೆಯುತ್ತೇನೆ, ಅಷ್ಟೇ.
ಪೆಟ್ಟಿಗೆಯೂ ಮರದ್ದು, ಪಕ್ಕಕ್ಕೊಂದು ಹಿಡಿಕೆ;
ಎಲ್ಸ್‌ವರ್ತ್ ಟಟಲ್ ತಿರುಗಿಸಿದರೆ ಚೀಟಿ ಒಳಗೆ ಜಾರಿ
ಗಂಟೆ ಒಮ್ಮೆ ಟಿಣ್ ಅನ್ನುತ್ತದೆ.
ಜಿಂಕೆ ಬೇಟೆಯ ಕಾಲ. ಕಿತ್ತಳೆ ಜಾಕೀಟಿನವರು
ಕೋವಿಯನ್ನು ಟ್ರಕ್ಕಿನಲ್ಲೇ ಬಿಟ್ಟು
ಬೂಟಿನ ಕೆಸರು ಒರೆಸಿ ಒಳಗೆ ಬರುತ್ತಾರೆ.

ರೊಸೇರ್ ಕ್ಲೂಟಿಯೇ. ವಿನಿಫ್ರೆಡ್ ಕ್ಲೂಟಿಯೇ.
ಅವನು ಕಾಗದ ಗಿರಣಿಯ ಯೂನಿಯನ್ನಿನವ,
ಅವಳು ಮರದ ವ್ಯಾಪಾರಿಯ ಮಗಳು.
ಮದುವೆಯಾದ ಲಾಗಾಯ್ತು
ಒಂದೇ ಟ್ರಕ್ಕಿನಲ್ಲಿ ಏಳು ಮೈಲಿ ಬಂದು
ಅವನ ಓಟನ್ನು ಅವಳು ಹೊಡೆದುಹಾಕಿ
ಅವಳ ಓಟನ್ನು ಅವನು ಹೊಡೆದುಹಾಕಿ
ಒಂದೇ ಟ್ರಕ್ಕಿನಲ್ಲಿ ವಾಪಸು.
'ಮನೆಯಲ್ಲೇ ಇದ್ದರೆ ಪೆಟ್ರೋಲಾದರೂ ಉಳಿಯುತ್ತಿತ್ತು'
ಅಂದೆ ಒಮ್ಮೆ.
'ಇವಳನ್ನು ನಂಬಿ ಮನೆಯಲ್ಲಿರಲೇ?' ಅಂದ ರೊಸೇರ್.
'ನಾನು ಮಲಗಿದ ಮೇಲೆ ಕದ್ದು ಬರುತ್ತಾಳೆ.'

ಅಕ್ಟೋಬರಿನಲ್ಲಿ ಆಸ್ಪತ್ರೆಯಿಂದ ಅವನ ಲಕೋಟೆ ಬಂತು.
ಹೋದ ಶುಕ್ರವಾರ ಸುದ್ದಿ ಬಂತು.

ಮಧ್ಯಾಹ್ನ ಅಂಚೆ ಓಟುಗಳ ಹೆಸರನ್ನು
ಎಲ್ಸ್‌ವರ್ತ್ ಗಟ್ಟಿಯಾಗಿ ಕೂಗಬೇಕು, ಅದು ಪದ್ಧತಿ.
ಆ ಒಂದನ್ನು ಕಟ್ಟಿನಿಂದ ತೆಗೆದಿಡಬೇಕಿತ್ತು ನಾನು.
ಮರೆತೆನೋ, ಕೈ ಏಳಲಿಲ್ಲವೋ.
'ರೊಸೇರ್ ಕ್ಲೂಟಿಯೇ'
ಅಂದುಬಿಟ್ಟ.
ಹಾಲಿನಲ್ಲಿ ಕಟ್ಟಿಗೆ ಒಲೆಯೊಂದೇ ಮಾತಾಡುತ್ತಿತ್ತು.
ಮೇಪಲ್ ಮಿಠಾಯಿಯ ಮೇಜಿನ ಹಿಂದೆ
ಚಿಲ್ಲರೆ ಎಣಿಸುತ್ತಿದ್ದ ವಿನ್ನಿ ತಲೆ ಎತ್ತಲಿಲ್ಲ.
ಎಣಿಸಿದ್ದನ್ನೇ ಮತ್ತೆ ಮೊದಲಿಂದ ಎಣಿಸಿದಳು.

ಚುನಾವಣೆಯ ದಿನ ಉಸಿರಿಲ್ಲದವನ ಓಟು
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಲಕೋಟೆ ಬಿಚ್ಚದೆ ಮೇಲೆ ಕಾರಣ ಬರೆದೆ,
ಒಂದೇ ಪದ. ಕೆಳಗೆ ನನ್ನ ಸಹಿ.

ನಾಲ್ಕರ ಸುಮಾರಿಗೆ ಎದ್ದು ಬಂದಳು
ಕೈ ಒರೆಸಿಕೊಳ್ಳುತ್ತ.
ಗುರುತಿದ್ದರೂ ಹೆಸರು ಕೇಳಬೇಕು. ಕೇಳಿದೆ.
'ಕ್ಲೂಟಿಯೇ' ಅಂದಳು. ತುಸು ತಡೆದು, 'ವಿನಿಫ್ರೆಡ್.'
ಪಟ್ಟಿಯಲ್ಲಿ ಅವನ ಹೆಸರಿನ ಕೆಳಗೇ ಅವಳದು.
ಅಡಿಪಟ್ಟಿ ಇಟ್ಟೇ ಎಳೆದೆ, ಆದರೂ ಗೆರೆಯ ತುದಿ
ಸ್ವಲ್ಪ ಮೇಲಕ್ಕೆ ಹೋಯಿತು.
ಪರದೆಯ ಕೆಳಗೆ ಅವಳ ಬೂಟು
ತುಂಬಾ ಹೊತ್ತು ಅಲುಗಲಿಲ್ಲ.
ಆಮೇಲೆ ಟಿಣ್.

ರಾತ್ರಿ ಹತ್ತು ಹತ್ತರ ಕಟ್ಟು ಕಟ್ಟಿ ಎಣಿಸಿದೆವು.
ಟಿವಿಯ ಆ ಗಂಡಸಿಗೆ ನಲವತ್ತಾರು,
ಆ ಹೆಂಗಸಿಗೆ ಐವತ್ತೊಂದು.
ಉಳಿದದ್ದು ಒಂದು ಚೀಟಿ.
ಗವರ್ನರಿಗೆ ಗುರುತಿತ್ತು, ಶೆರಿಫನಿಗಿತ್ತು,
ಎದುರಾಳಿಯೇ ಇಲ್ಲದ ಖಜಾಂಚಿಗೂ ಇತ್ತು.
ಸೆನೆಟಿನ ಸಾಲಿನಲ್ಲಿ ಮಾತ್ರ
ಪೆನ್ಸಿಲ್ ಊರಿ ಎತ್ತಿದ ಒಂದು ಚುಕ್ಕಿ,
ಎರಡು ಹೆಸರಿನ ನಡುವಿನ ಬಿಳಿಯಲ್ಲಿ.
ಎಲ್ಸ್‌ವರ್ತ್ ದೀಪಕ್ಕೆ ಹಿಡಿದು ನೋಡಿದ.
'ಯಾರಿಗೂ ಅಲ್ಲ' ಅಂದ.
'ಖಾಲಿ' ಅಂತ ಬರೆದುಕೊಂಡೆ.
ಯಾರದೆಂದು ಕೇಳಬೇಡಿ, ಓಟು ಗುಟ್ಟಿನದು.

ಬೀಗ ಹಾಕುವಾಗ ಎಲ್ಸ್‌ವರ್ತನ ರೇಡಿಯೋ
ಗೆದ್ದವರ ಹೆಸರು ಹೇಳುತ್ತಿತ್ತು;
ನಮ್ಮೂರ ಲೆಕ್ಕ ಇನ್ನೂ ನನ್ನ ಚೀಲದಲ್ಲೇ.
ಪಾತ್ರೆ ತೊಳೆದಿಟ್ಟು ಹೊರಟ ವಿನ್ನಿ
ಎಂದಿನಂತೆ ಬಲಬದಿಯ ಬಾಗಿಲು ತೆಗೆದು
ಟ್ರಕ್ಕು ಹತ್ತಿದಳು. ಕೂತಳು.
ಗಾಜಿನ ಮೇಲೆ ಅವಳ ಉಸಿರು ಮಬ್ಬುಗಟ್ಟುವಷ್ಟು ಹೊತ್ತು.
ಆಮೇಲೆ ಸೀಟಿನುದ್ದ ಜರುಗಿ
ಸ್ಟೀರಿಂಗ್ ಹಿಡಿದಳು.