ಕೈ ಎಣಿಸಿದವನು

ಇಪ್ಪತ್ತೊಂದು ವರ್ಷದಿಂದ ಬಿಲ್ ಕಲೆಕ್ಟರ್ ನಾನು.
ಸಿದ್ದಾಪುರದಾಚೆಯ ಈ ಪಂಚಾಯಿತಿಯ ನಾಯಿಗಳೆಲ್ಲ
ನನ್ನ ಚಪ್ಪಲಿಯ ಸದ್ದು ಹಿಡಿದೇ ಬೊಗಳುತ್ತವೆ.
ರಸೀದಿಯಲ್ಲಿ ಮನೆ ಕಂದಾಯದ ಕೆಳಗೆ
ನೀರು, ದೀಪ, ಆರೋಗ್ಯ,
ಭಿಕ್ಷುಕರ ಕರ, ಅದಕ್ಕೆ ಭುಜ ತಾಗಿಸಿ ಗ್ರಂಥಾಲಯ ಕರ:
ರೂಪಾಯಿಗೆ ಆರು ಪೈಸೆ.
ಅಷ್ಟು ಕೆಳಗಿನವರೆಗೆ ಯಾರೂ ಓದುವುದಿಲ್ಲ.

ಮೊನ್ನೆ ಗ್ರಾಮಸಭೆಯಲ್ಲಿ ಆರನ್ನು ಹತ್ತು ಮಾಡುವ ಮಾತು.
ಶಾಲೆಯ ಜಗಲಿ, ಸಕ್ಕರೆ ಹೆಚ್ಚಾದ ಕಾಫಿ.
ಪೂವಯ್ಯ ಎದ್ದರು: "ಮೆಣಸಿಗೆ ರೇಟಿಲ್ಲ, ಬೇಲಿ ಆನೆಯ ಪಾಲು.
ನಾನು ಓದುವುದು ಮಳೆಯ ಲೆಕ್ಕ ಒಂದೇ,
ಅದನ್ನೂ ನಾನೇ ಬರೆದುಕೊಳ್ಳುತ್ತೇನೆ."
ಮೀನಂಗಡಿಯ ಕುಂಞಹಮ್ಮದ್: "ಪೇಪರ್ ಓದೋಕೆ ಅಲ್ಲಿಗೇ ಹೋಗೋದು ನಾನು.
ಸೂರು ಸೋರಿ ಸುದ್ದಿಯೆಲ್ಲ ಒದ್ದೆ.
ಆ ಪೇಪರಲ್ಲಿ ಮೀನೂ ಕಟ್ಟೋಕಾಗಲ್ಲ."
ಆಮೇಲೆ ಸುಬೇದಾರರ ಹೆಂಡತಿ ದೇಚವ್ವ, ಕೂತಲ್ಲಿಂದಲೇ:
"ಇಷ್ಟು ವರ್ಷದ ಆರು ಪೈಸೆ ಎಲ್ಲಿ?"
ಅಧ್ಯಕ್ಷೆ ಪಿಡಿಒ ಮುಖ ನೋಡಿದರು,
ಪಿಡಿಒ ಫೈಲಿನ ಮುಖ ನೋಡಿದರು.
ನಾನು ಹೊರಗೆ,
ಹಾಡುಹಗಲೇ ಉರಿಯುತ್ತಿದ್ದ ಬೀದಿದೀಪ ನೋಡಿದೆ.

ಕೈ ಎತ್ತಿ ಅಂದರು. ಎಣಿಸುವವನು ನಾನು.
ಬೆಂಚಿನ ಕೈಗಳು ಮುಗಿದ ಮೇಲೆ
ಗೋಡೆಯ ಬದಿಯಲ್ಲಿ ಇನ್ನೊಂದು,
ಕಾಫಿ ಹಣ್ಣಿನ ಕರೆ ಬಿಡದ ಬೆರಳು:
ಲೈನ್‌ಮನೆಯ ಬೊಳ್ಚಿ.
"ಮನೆ ನಂಬರಿಲ್ಲದವರದ್ದು ಲೆಕ್ಕಕ್ಕೆ ಬೇಡ," ಯಾರೋ ಅಂದರು.
ನಿಜ, ಲೈನು ಧಣಿಯದ್ದು,
ನನ್ನ ರಿಜಿಸ್ಟರಿನಲ್ಲಿ ಅವಳಿಗೊಂದು ಗೆರೆಯಿಲ್ಲ.
ಮತದಾರರ ಪಟ್ಟಿಯಲ್ಲಿ ಮಾತ್ರ ಇದ್ದಾಳೆ, ಕಾಗುಣಿತ ತಪ್ಪಿ.
ಅವಳ ಮಗಳು ಆ ಸೋರುವ ಕೋಣೆಯಲ್ಲಿ
ಕೊನೆಯ ಪುಟ ಹರಿದ ಕಾದಂಬರಿಗೆ
ಪೆನ್ಸಿಲಿನಲ್ಲಿ ಕೊನೆ ಬರೆದಿಟ್ಟದ್ದು ನೋಡಿದ್ದೇನೆ.
ಮೂರು ಸಲ. ಮೂರೂ ಬೇರೆ ಬೇರೆ.

ಎಣಿಸಿದೆ. ಮೂವತ್ತೇಳು ಎಂದೆ, ಅಗತ್ಯಕ್ಕಿಂತ ಗಟ್ಟಿಯಾಗಿ.
ಬೇಡದವರು ಮೂವತ್ತನಾಲ್ಕು.
ನನ್ನ ಕೈ ಎತ್ತಲಿಲ್ಲ, ಅದರಲ್ಲಿ ಪೆನ್ನಿತ್ತು.

ಜನ ಚದುರಿ, ಕುರ್ಚಿ ಮಡಚುವ ಹೊತ್ತಿಗೆ
ಬಾಗಿಲಲ್ಲಿ ಬೊಳ್ಚಿ:
"ಕೈ ಎತ್ತಿದ್ದಕ್ಕೆ ರಸೀದಿ ಕೊಡಲ್ವಾ?"
ಅದಕ್ಕೆಲ್ಲ ರಸೀದಿ ಇಲ್ಲ ಎಂದೆ.
"ಹಂಗಾರೆ ನಿಂಗೆ ನೆನಪಿರ್ಲಿ,"
ಅಂದವಳೇ ಸೆರಗಿಗೆ ಬೆರಳೊರೆಸಿಕೊಂಡು
ತೋಟದ ದಾರಿ ಹಿಡಿದಳು.