ಕೈಯಾಗ ಒಂದು

ಬ್ಯಾಡಗಿ ಪ್ಯಾಟಿ ಹಿಂದ, ತಗಡಿನ ಗೋದಾಮಿನಾಗ
ನಾ ಬೇರೀಜು ಕಲತೆ. ಸಾಲ್ಯಾಗಲ್ಲ.
ಸಾಲ್ಯಾಗ ಬಾಜೂದವನ ಪಾಟಿ ನೋಡಿ ಬರೀತಿದ್ದೆ.

ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರು, ಖಾರಕ್ಕಲ್ಲ ಅಂತಾರ.
ಅಂದವರು ಆ ಗೋದಾಮಿನಾಗ ಉಸರಾಡಿಲ್ಲ.
ಬಾಗಲಕ್ಕ ಕಾಲಿಡೂದರಾಗ ನನಗ ಮೂರು ಸೀನು,
ತೊಟ್ಟು ಮುರಿಯೋ ಮೂವರೂ ನಗತಿದ್ರು:
"ಬಂದ ನೋಡ್ರೆ ನಮ್ಮ ಗುಮಾಸ್ತ."
ಮೂವರೊಳಗ ಒಬ್ಬಾಕಿ ನಮ್ಮವ್ವ.

ಶನಿವಾರ ಮುನೀಮ ಅಂದಾನೆಪ್ಪ ತೂಕದ ಚೀಟಿ ಕೊಡತಿದ್ದ.
ಕೂಡಿಸೂದು ನನ್ನ ಕೆಲಸ, ಮೂರನೇತ್ತಾದ ಹುಡುಗಂದು.
"ನಿಮ್ಮ ಹುಡುಗ ಹೇಳಿದ್ದs ನನಗ ಖರೆ" ಅಂತಿದ್ದ,
ದೊಡ್ಡ ಮನಸಿನವ್ರಂಗ.

ಪಾಟಿ ಮ್ಯಾಲೆ ಒಂದರ ಕೆಳಗೊಂದು:
ಅವ್ವಂದು ೧೩೪
ದುರಗವ್ವಂದು ೧೨೭
ಹುಸೇನಬಿದು ೧೪೮.

ನಾಕು, ಏಳು, ಎಂಟು: ಹತ್ತೊಂಬತ್ತು.
ಒಂಬತ್ತು ಬರದು, ಗುರುಗಳ ಹಂಗ ರಾಗ ಎಳದು ಅಂದೆ
"ಕೈಯಾಗ ಒಂದೂ..."
ಅಷ್ಟರಾಗ ಹೊರಗ ಟ್ರ್ಯಾಕ್ಟರ್ ಹಿಂದಕ್ಕ ಸರದು ಬಂತು,
ಟ್ರಾಲಿ ಹಲಗಿ ಬಿಚ್ಚಿದ್ರು, ಕೆಂಪು ಜಾರಿ ಬಿತ್ತು,
ನೋಡಕೋತ ನಿಂತೆ.
ಮೂರು, ಎರಡು, ನಾಕು: ಒಂಬತ್ತು.
ಒಂದು, ಒಂದು, ಒಂದು: ಮೂರು.
೩೯೯.
ಎಷ್ಟು ಚಂದನ ಅಂಕಿ! ನಾನೂರಕ್ಕ ಒಂದು ಕಮ್ಮಿ.
ಸುಳ್ಳು ಹೇಳೂದಿದ್ರ ಹಿಂಗ ಹೇಳಬೇಕು.

ಕಿಲೋಕ್ಕ ಎಂಟಾಣೆ.
ಅಂದಾನೆಪ್ಪ ಉಗುಳು ಹಚ್ಚಿ ನೋಟು ಎಣಿಸಿ ಕೊಟ್ಟು ಹೋದ.

ಹುಸೇನಬಿಗೆ ಅಕ್ಷರ ಬರತಿರಲಿಲ್ಲ.
ಆದರ ಎಷ್ಟು ಕಿಲೋ ತೂಗತಾವೋ ಅಷ್ಟು ತೊಟ್ಟು
ಡಾಲ್ಡಾ ಡಬ್ಬಿಗೆ ಹಾಕತಿದ್ಲು, ಮೂರೂ ಮಂದೀದು,
ಹತ್ತಾದ್ರ ದಾರ ಸುತ್ತಿ ಒಂದು ಕಟ್ಟು.
ಆ ದಿನ ಡಬ್ಬಿ ಬೋರಲು ಹಾಕಿ
"ಓದಪಾ ನಿನ್ನ ಲೆಕ್ಕ" ಅಂದ್ಲು. ಓದಿದೆ.
ಮೂವತ್ತೊಂಬತ್ತು ಕಟ್ಟು ಆ ಕಡೆ ಸರಿಸಿದ್ಲು,
ಬಿಡಿ ಒಂಬತ್ತು ಈ ಕಡೆ.
ನಡುವ ಒಂದು ಕಟ್ಟು ಉಳೀತು.

"ಕೈಯಾಗ ಒಂದು ಅಂದ್ಯಲ್ಲೋ, ನಾ ಕೇಳೀನಿ.
ಎಲ್ಲೈತಿ? ಕೈ ತೋರಸು."
ತೋರಿಸಿದೆ. ಬಳಪದ ಬಿಳಿ ಬಿಟ್ಟರ ಏನಿಲ್ಲ.
ಆ ಕಟ್ಟು ಅದರಾಗಿಟ್ಟು, ನನ್ನ ಬೆರಳು ತಾನ ಮಡಚಿ
ಅಂದ್ಲು: "ಒಂದಲ್ಲಪಾ ಇದು, ಹತ್ತು."

ಮತ್ತ ಕೂಡಿಸಿದೆ. ಒಂಬತ್ತು ಹೋಗಿ ಸೊನ್ನಿ ಆತು,
ಮೂರು ಹೋಗಿ ನಾಕಾತು.
೪೦೯.

ಮುನೀಮನ ಕಡೆ ನನ್ನೊಬ್ಬನ್ನ ಕಳಿಸಿದ್ರು,
ತಪ್ಪು ನಂದಂದ ಮ್ಯಾಲೆ ಕಾಲೂ ನಂದ ಆಗಬೇಕಂತ.
ಅಂವ ಕೆಂಪು ವಹಿ ತಗದ.
ನನಗ ತಲಿಕೆಳಗಾಗಿ ಕಂಡರೂ ಕಂಡಿತು:
೪೦೯. ಶಾಯಿಲೆ ಬರದು ಯಾವಾಗೋ ಒಣಗಿತ್ತು.
ದಶಕದ ತಲಿ ಮ್ಯಾಲೆ ಸಣ್ಣದೊಂದು ೧,
ನೊಣ ಕುಂತಂಗ.

ನಾ ವಹಿ ನೋಡಿದೆ. ಅಂವ ನನ್ನ ನೋಡಿದ.
"ನೀ ಹೇಳಿದಷ್ಟು ಕೊಟ್ಟೆನಪಾ" ಅಂದ.
ಐದರ ನೋಟು ಮೇಜಿನ ಮ್ಯಾಲೆ ಸರಿಸಿದ,
ಕೈಗೆ ಕೊಡಲಿಲ್ಲ.

ವಜಾಬಾಕಿ ಕಲತದ್ದು ಆಮ್ಯಾಲೆ, ದುರಗವ್ವನ ಬಾಯಿಲೆ.
ಐದನೂರರಾಗ ನೂರಾ ಎಂಬತ್ತೇಳು ಕಳಿ ಅಂದಿದ್ರು ಗುರುಗಳು,
ಸೊನ್ನ್ಯಾಗ ಏಳು ಹೆಂಗ ಹೋಗತೈತಿ ಅಂತ ನಾ ಅಳೂ ಮಾರಿ ಮಾಡಿದ್ದೆ.
"ನಿನ್ನ ಮನ್ಯಾಗ ಹಿಟ್ಟಿಲ್ಲ, ಬಾಜೂ ಮನಿಗೆ ಹೋಗು.
ಅಲ್ಲೂ ಇಲ್ಲ? ಅಕೀನ ತನ್ನ ಬಾಜೂ ಮನಿಗೆ ಹೋಗಿ ತರತಾಳ,
ಒಂಬತ್ತು ತಾ ಇಟಗೊಂಡು ಒಂದು ನಿನಗ ದಾಟಸತಾಳ."
ಕೊಟ್ಟಾಕಿ ಮೈಮ್ಯಾಲೆ ಗೀಟು ಹೊಡದು, ಐದು ಅಳಿಸಿ ನಾಕು ಬರದೆ.
ಆ ಕಡ ತಿರುಗಿ ಯಾವಾಗ ಕೊಡೂದು?
ಸೋಮವಾರ ಗುರುಗಳನ್ನ ಕೇಳಿದೆ. ಕಿವಿ ಹಿಂಡಿದ್ರು.

ಹೇಳೂದೊಂದು ಉಳೀತು.
ಐದರ ನೋಟು ತಂದ ಆ ರಾತ್ರಿ ನಿದ್ದಿಗಣ್ಣಾಗ
ಕಣ್ಣು ತಿಕ್ಕೊಂಡೆ, ತೊಟ್ಟಿನ ಕಟ್ಟು ಹಿಡದ ಕೈಲೆ.
ಚೀರಿದ್ದಕ್ಕ ಅವ್ವ ಎದ್ದು ಚಿಮಣಿ ಹಚ್ಚಿದ್ಲು,
"ಯಾವ ಕೈ?" ಅಂದ್ಲು.
ಬಲಗೈ ಮುಂದ ಮಾಡಿದೆ.
ಅದರಾಗ ಏನೂ ಇರಲಿಲ್ಲ.
ಬೆಳತನಕ ಉರೀತು.