ನಾನೂರು ಗೂಡಿನ ದೂರ

ಪತ್ರ ನಮ್ಮದಲ್ಲ. ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನ ಹಿಂದಿನ ಓಣಿಯ
ಮಾಬೂ ಸಾಬರಿಗೆ ಬಂದದ್ದು. ಅವರು ಮನೆ ಖಾಲಿ ಮಾಡಿ ವರ್ಷವಾಗಿತ್ತು.
ಪೋಸ್ಟಿನ ಪಿಳ್ಳಪ್ಪ ಎರಡು ಸಲ ತಿರುಗಿ, ಮೂರನೆಯ ಸಲ
ನಮ್ಮ ಬಾಣಲೆಯ ಪಕ್ಕ ಇಟ್ಟು ಹೋದ:
"ಸಿಕ್ಕಿದರೆ ಕೊಡಿ."

ಲಕೋಟೆಯ ಮೂಲೆಯಲ್ಲಿ ಒಂದು ಊರು.
ಕೋಟೆಗೋಡೆ, ಮೆಟ್ಟಿಲು, ಮೆಟ್ಟಿಲ ಬುಡಕ್ಕೇ ನೀರು,
ಪಟ ಬಿಚ್ಚಿದ ಹಡಗೊಂದು, ಕಿರುಬೆರಳ ಉಗುರಷ್ಟು.
ಹೆಸರಿದ್ದ ಜಾಗಕ್ಕೇ ಠಪ್ಪನೆ ಬಿದ್ದಿತ್ತು ಕರೀ ಮೊಹರು;
ಉಳಿದದ್ದು ಹಿಂದಿಯ ಕೊನೆಯದೊಂದು ‘ರ’.

ಮಂಗಳೂರು ಅಂದರು ಮೇಷ್ಟ್ರು.
ಬಸರೂರೂ ಇರಬಹುದು, ಬಾರಕೂರೂ.
"ಗೌರಿಬಿದನೂರೂ ಹಾಗೇ ಮುಗಿಯುತ್ತಲ್ಲ," ಅಂದಳು ಅಮ್ಮಿ,
"ಅಲ್ಲೆಲ್ಲಿ ಹಡಗು?"

ಕದಿಯಬೇಕು ಅಂತ ಕದ್ದದ್ದಲ್ಲ.
ಆವಿಗೆ ಹಿಡಿದೆ, ಅಷ್ಟೆ. ಅಂಟು ಸಡಿಲಿ
ಊರು ಜಾರಿ ಬಾಣಲೆಗೆ ಬಿತ್ತು.
ಬೆಂದ ಹುಳುವಿನ ವಾಸನೆಯಲ್ಲಿ, ಹಳದಿ ಗೂಡುಗಳ ನಡುವೆ
ಆ ಬಂದರಿಗೆ ಮೊದಲ ಸಲ ನಿಜವಾದ ನೀರು.
ಎಲ್ಲಿಂದಲೋ ಒಂದು ಎಳೆ ಸಿಕ್ಕಿಕೊಂಡು
ಇಡೀ ಊರನ್ನು ಚರಕದ ಕಡೆಗೆ ಎಳೆಯತೊಡಗಿತು.

ಅಮ್ಮಿ ಬೈಯಲಿಲ್ಲ.
ಸುಟ್ಟೂ ಸುಟ್ಟೂ ಸುಡುವುದನ್ನೇ ಮರೆತ ಬೆರಳು,
ಸದಾ ನೆನೆದು ಬಿಳಿಚಿ ಸುಕ್ಕಿದ ಬೆರಳು
ಅದ್ದಿ, ಎತ್ತಿಕೊಂಡಳು.
ಅಂಗೈಗೆ ಅಂಟಿದ ಒದ್ದೆ ಬಂದರನ್ನು
ಬಾಗಿಲ ಬೆಳಕಿಗೆ ತಿರುಗಿಸಿ
"ಎಷ್ಟು ದೂರ?" ಕೇಳಿದಳು.

ನಾನು ಏಳನೇ ಕ್ಲಾಸು. ಲೆಕ್ಕ ಬರುತ್ತಿತ್ತು.
ಒಂದು ಗೂಡು ಪೂರಾ ಬಿಚ್ಚಿದರೆ ಹೆಚ್ಚೂಕಡಿಮೆ ಒಂದು ಕಿಲೋಮೀಟರು.
ಸಮುದ್ರಕ್ಕೆ ನಾನೂರು.
ನಾನೂರು ಗೂಡು, ಅಮ್ಮಿ. ಅಷ್ಟೇ.
ಬುಟ್ಟಿಯ ತಳದಲ್ಲಿ ಉಳಿದಿದೆಯಲ್ಲ, ಅಷ್ಟು.

ಬುಟ್ಟಿ ನೋಡಿದಳು. ಬೆಳಗಿನ ಚಾಗೆ ಮೊದಲೇ
ಮುಗಿಸುವಷ್ಟು.
"ಹಾಗಾದರೆ ದಿನಾ ಹೋಗಿ ಬರ್ತಿದೀನಿ," ಅಂದಳು,
"ಯಾರೂ ಹೇಳಲೇ ಇಲ್ಲ."
ಮತ್ತೆ ಬಗ್ಗಿ
ಕುದಿನೀರಲ್ಲಿ ಎಳೆಯ ತುದಿ ಹುಡುಕತೊಡಗಿದಳು.

ಒಲೆಯ ಮೇಲಿನ ಕಿಟಕಿಗಾಜಿಗೆ ಅಂಟಿಸಿದ್ದೇವೆ.
ಆವಿ ಹೆಚ್ಚಾದ ದಿನ ತಾನೇ ಕಳಚಿ ಬೀಳುತ್ತದೆ,
ಮತ್ತೆ ಅಂಟಿಸುತ್ತೇವೆ. ಹಡಗಿನ ಬಣ್ಣ ಹೋಗಿದೆ,
ಮೊಹರು ಮಾತ್ರ ಗಟ್ಟಿ.

ಪತ್ರ ಒಡೆದಿಲ್ಲ. ಟ್ರಂಕಿನಲ್ಲಿದೆ.
ಮಾಬೂ ಸಾಬರು ಸಿಕ್ಕಿದರೆ ಕೊಟ್ಟುಬಿಡುತ್ತೇವೆ.
ಸ್ಟಾಂಪು ಎಲ್ಲಿ ಅಂತ ಕೇಳಿದರೆ
ಬರುವಾಗಲೇ ಇರಲಿಲ್ಲ ಅನ್ನುವುದೆಂದು
ಅಮ್ಮಿಯೂ ನಾನೂ ಮಾತಾಡಿಕೊಂಡಿದ್ದೇವೆ.